ಗೇಟಮ್ಮ ಬೀಡಿ ಬಿಟ್ಟದ್ದು

ಹೋದ ತಿಂಗಳು ಮಂಡ್ಯದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಸಾಲಿನಲ್ಲಿ ಪಕ್ಕಕ್ಕೆ ಕೂತಿದ್ದ ಹೊಳಲಿನ ಹೆಂಗಸೊಬ್ಬರು ಮಾತಿಗೆ ಮಾತು ಬಂದು, ನಾನು ಚಿಕ್ಕವಳಿದ್ದಾಗ ಹನಕೆರೆ ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿದ್ದೆ ಎಂದು ತಿಳಿದದ್ದೇ, "ಅಂಗಾರೆ ನಮ್ ಗೇಟಮ್ಮ ಗೊತ್ತಿರಬೇಕಲ್ಲ ನಿಮ್ಗೆ? ಓದ್ ವರ್ಸ ತೀರ್ಕಂಡ್ರು" ಎಂದರು. ಎಲೆಗೆ ಅನ್ನ ಬಡಿಸುತ್ತಿದ್ದವನಿಗೆ ಸಾಕು ಎನ್ನುವುದನ್ನು ಮರೆತೆ. ವಯಸ್ಸಾಗಿತ್ತು, ಜಾಸ್ತಿ ನರಳಲಿಲ್ಲ, ಕೊನೆಯವರೆಗೂ ಬಾಯಿ ಮಾತ್ರ ಜೋರಾಗಿತ್ತು ಎಂದು ಆಕೆ ಹೇಳುತ್ತಲೇ ಇದ್ದರು. ಎಲೆಯಲ್ಲಿ ಗುಡ್ಡೆಯಾಗಿದ್ದ ಅನ್ನವನ್ನು ನಾನು ಹಾಗೇ ಬಿಟ್ಟು ಎದ್ದೆ.

ಅವರ ನಿಜವಾದ ಹೆಸರು ನನಗೆ ಗೊತ್ತು. ಬರೆಯುವುದಿಲ್ಲ. ಆ ಹೆಸರಿನಿಂದ ಯಾರಾದರೂ ಅವರನ್ನು ಕರೆದದ್ದನ್ನು ನಾನು ಕೇಳಿದ್ದೂ ಇಲ್ಲ. ಗಂಡ ರೈಲ್ವೆ ಗೇಟು ಕಾಯುತ್ತಿದ್ದರು, ಅದಕ್ಕೆ ಇವರು ಗೇಟಮ್ಮ. ಅಪ್ಪ ಸ್ಟೇಷನ್ ಮಾಸ್ಟರು. ಹತ್ತು ವರ್ಷದ ನಾನೂ ಸೇರಿ ನಮ್ಮ ಮನೆಯವರೆಲ್ಲ ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆವು. ಇವತ್ತು ಹಾಗೆ ಬರೆಯಲು ಕೈ ಬರುತ್ತಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಮದ್ದೂರಿಗೂ ಮಂಡ್ಯಕ್ಕೂ ನಡುವೆ ಸಣ್ಣ ಸ್ಟೇಷನ್ನು, ಎರಡು ಕ್ವಾರ್ಟರ್ಸು, ಮಂಡ್ಯದ ಕಡೆಗೆ ಸ್ವಲ್ಪ ದೂರ ನಡೆದರೆ ಗೇಟು, ಗೇಟಿನ ಪಕ್ಕ ಒಂದೇ ಕೋಣೆಯ ಅವರ ಮನೆ. ಗೇಟು ಹಾಕುವುದು, ತೆಗೆಯುವುದು ಗಂಡನ ಕೆಲಸ. ಗಾಡಿಯವರನ್ನು ಗದರುವುದು ಇವರ ಕೆಲಸ. ಗಂಡ ಮೆತ್ತನೆಯ ಮನುಷ್ಯ, ಎತ್ತಿಗೂ ಗಟ್ಟಿಯಾಗಿ ಹೈ ಎನ್ನುವವರಲ್ಲ. ಒಮ್ಮೆ ಕಬ್ಬು ತುಂಬಿದ ಗಾಡಿಯ ಚಕ್ರ ಹಳಿಗೆ ಸಿಕ್ಕಿಕೊಂಡು, ಗಾಡಿ ಹೊಡೆಯುವವನು ಗಾಬರಿಯಲ್ಲಿ ಎತ್ತುಗಳಿಗೆ ಬಡಿಯುತ್ತಿದ್ದ. ಇವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ, ಅವನ ಕೈಯಿಂದ ಚಾಟಿ ಕಿತ್ತುಕೊಂಡು, "ಎತ್ತುಗ್ ಯಾಕ್ಲಾ ಬಡೀತೀಯ, ನೀ ಇಳುದ್ ಬಂದು ಎಗಲ್ ಕೊಡ್ಲಾ" ಎಂದು ತಾವೇ ಚಕ್ರಕ್ಕೆ ಹೆಗಲು ಕೊಟ್ಟರು. ಗಾಡಿ ದಾಟಿತು. ಆಮೇಲೆ ಗೇಟಿನ ಕಲ್ಲಿನ ಮೇಲೆ ಕೂತು, ಮೊಣಕೈ ತರಚಿದ್ದನ್ನು ನೋಡಿಕೊಳ್ಳದೆ ಬೀಡಿ ಹಚ್ಚಿದರು.

ಬೀಡಿಯನ್ನು ಅವರು ಎಲ್ಲರ ಮುಂದೆಯೂ ಸೇದುತ್ತಿದ್ದರು, ನಮ್ಮಮ್ಮನ ಮುಂದೆ ಮಾತ್ರ ಇಲ್ಲ. ಅಮ್ಮ ಬಂದರೆ ಉರಿಯುವ ಬೀಡಿಯನ್ನು ಅಂಗೈಯಲ್ಲಿ ಮುಚ್ಚಿ ಬೆನ್ನ ಹಿಂದೆ ಹಿಡಿಯುತ್ತಿದ್ದರು. ಹೊಗೆ ಹೆಗಲ ಮೇಲಿಂದ ಏಳುತ್ತಿತ್ತು.

"ಏನೇ ಅದು ಹೊಗೆ?"

"ಒಲೆ ಒಗೆ ಕಣಮ್ಮಾವ್ರೇ. ಸೀರೆಗ್ ಮೆತ್ಕಂಡೈತೆ."

ಅಮ್ಮ ನಗು ತಡೆಯಲಾರದೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ನಾವು ಅಲ್ಲಿಗೆ ಹೋದ ವರ್ಷವೇ ಅವರು ಬಸುರಿಯಾದರು. ಅದಕ್ಕೆ ಮುಂಚೆ ಎರಡು ಸಲ ಮಗು ಕೈಗೆ ದಕ್ಕಿರಲಿಲ್ಲ. ಈ ಸಲ ನೀರು ಕುಡಿದರೂ ನಿಲ್ಲದಂಥ ವಾಂತಿ. ಹಿತ್ತಲ ಬೇಲಿಯ ಹತ್ತಿರ ನಿಂತು ಅಮ್ಮನ ಜೊತೆ ಮಾತಾಡುತ್ತ ಒಂದು ದಿನ, ಹೇಗೂ ಎಲ್ಲರಿಗೂ ಗೊತ್ತಿರುವುದೇ ಎಂಬಂತೆ ಹೇಳಿದರು: "ಒಂದ್ ದಮ್ ಎಳುದ್ರೆ ವಾಂತಿ ನಿಂತೋಯ್ತದೆ ಕಣಮ್ಮಾವ್ರೇ. ನಮ್ಮತ್ತೆ ಕಲ್ಸ್‌ಕೊಟ್ಟಿದ್ದು. ಅವ್ರೂ ಇಂಗೇ ಸೇದ್ಕಂಡೇ ಏಳು ಎತ್ತವ್ರೆ."

ಅಮ್ಮ "ಹೌದೇ?" ಎಂದರು ಅಷ್ಟೆ. ಬೇಡ ಅನ್ನಬೇಕು ಎಂದು ಅಮ್ಮನಿಗೂ ತಿಳಿದಿರಲಿಲ್ಲ.

ಹುಟ್ಟಿದ್ದು ಹೆಣ್ಣು. ಬಹಳ ಸಣ್ಣ ಮಗು. ನೋಡಲು ಹೋಗಿದ್ದಾಗ ಗೇಟಮ್ಮ ಅದನ್ನು ಮೊರದಲ್ಲಿ ಹಳೆ ಸೀರೆ ಹಾಸಿ ಮಲಗಿಸಿದ್ದರು. "ನೋಡವ್ವಾ, ಒಂದ್ ಸೇರು ಅಕ್ಕಿನೂ ತೂಗಲ್ಲ, ಆದ್ರೂ ಉಳ್ಕಂಡೈತೆ" ಎಂದು ಬೆರಳಲ್ಲಿ ಅದರ ಕೆನ್ನೆ ಮುಟ್ಟಿ ತೋರಿಸಿದರು. ಪುಟ್ತಾಯಿ ಎಂದು ಹೆಸರಿಟ್ಟರು. ಅದಾದ ಮೇಲೆ ಅವರು ಗಾಡಿಯವರನ್ನು ಗದರುವ ದನಿಯೂ ತಗ್ಗಿತು. ಮಗು ಮಲಗಿದ್ದರೆ ಗೇಟಿನಲ್ಲಿ ನಿಂತ ಎತ್ತಿನ ಕೊರಳ ಗಂಟೆಗೆ ಕೈ ಅಡ್ಡ ಹಿಡಿಯುತ್ತಿದ್ದುದನ್ನು ನಾನು ನೋಡಿದ್ದೇನೆ.

ಎರಡು ವರ್ಷ ತುಂಬುವ ಹೊತ್ತಿಗೆ ಪುಟ್ತಾಯಿಗೆ ಉಬ್ಬಸ ಶುರುವಾಯಿತು. ಗೇಟಮ್ಮ ಮಗುವನ್ನು ಎತ್ತಿಕೊಂಡು ಸೀದಾ ನಮ್ಮ ಮನೆಗೆ ಬಂದರು. ಯಾಕೆಂದರೆ ಆ ಊರಿನಲ್ಲಿ ಉಬ್ಬಸದ ವಿಷಯ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ನಮ್ಮಮ್ಮನಿಗೆ. ನನಗೆ ಮೂರನೇ ವಯಸ್ಸಿನಿಂದ ಅದು ಇತ್ತು. ಅಮ್ಮ ನಡುಮನೆಯ ಹೊಸ್ತಿಲ ಒಳಗೆ ನನ್ನ ಬೆನ್ನು ನೀವುತ್ತ ಕೂತರೆ, ಅವರು ಜಗಲಿಯಲ್ಲಿ ಮಗುವಿನ ಬೆನ್ನು ನೀವುತ್ತ ಕೂರುತ್ತಿದ್ದರು. ಹೊಸ್ತಿಲು ದಾಟಿ ಒಳಗೆ ಬಾ ಎಂದು ಅಮ್ಮ ಕರೆಯಲಿಲ್ಲ, ಅವರು ಬರಲೂ ಇಲ್ಲ. ಆಡುಸೋಗೆ ಕಷಾಯದ ಲೋಟ ಮಾತ್ರ ಅತ್ತಿಂದಿತ್ತ ಹೋಗುತ್ತಿತ್ತು. ನಮ್ಮಿಬ್ಬರ ಎದೆಯೂ ಒಟ್ಟಿಗೆ ಸಿಳ್ಳೆ ಹಾಕುವಾಗ ಅವರು ನನ್ನನ್ನು ನಗಿಸಲು ಹೇಳುತ್ತಿದ್ದರು: "ಈ ಅಳ್ಳಿಗೆ ರೈಲ್ ಸಾಲ್ದು ಅಂತವ ದ್ಯಾವ್ರು ನಮ್ಮನೇಲೊಂದು ನಿಮ್ಮನೇಲೊಂದು ಇಂಜಿನ್ ಮಡಗವ್ನೆ ಕಣವ್ವ." ನಕ್ಕರೆ ಕೆಮ್ಮು ಬರುತ್ತಿತ್ತು. ಆದರೂ ನಗುತ್ತಿದ್ದೆ.

ಅಪ್ಪನ ಬಗ್ಗೆ ಇಲ್ಲಿ ಹೇಳಲೇಬೇಕು. ಅಪ್ಪ ಕೆಟ್ಟವರಲ್ಲ, ನನ್ನ ಮೇಲೆ ಪ್ರಾಣ. ಡ್ಯೂಟಿ ಮುಗಿಸಿ ಬಂದು ಈಸಿ ಚೇರಿನಲ್ಲಿ ಕೂತು, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಿಗರೇಟು ಹಚ್ಚುತ್ತಿದ್ದರು. ಹೊಗೆಯಲ್ಲಿ ಉಂಗುರ ಬಿಡುತ್ತಿದ್ದರು. ಅದು ಒಡೆಯುವುದರೊಳಗೆ ನಾನು ಅದರಲ್ಲಿ ಬೆರಳು ತೂರಿಸಬೇಕು. ನನ್ನ ಬಾಲ್ಯದ ತೀರ ಸುಖದ ನೆನಪು ಯಾವುದು ಎಂದರೆ, ಹೇಳಲು ಕಷ್ಟವಾದರೂ, ಅದೇ.

ಉಬ್ಬಸ ಕಷಾಯಕ್ಕೆ ಬಗ್ಗದೇ ಹೋದಾಗ ಅಪ್ಪ ಗೇಟಮ್ಮನನ್ನೂ ಮಗುವನ್ನೂ ಸೇರಿಸಿ ನಮ್ಮನ್ನೆಲ್ಲ ಬೆಳಗಿನ ಪ್ಯಾಸೆಂಜರಿನಲ್ಲಿ ಮಂಡ್ಯದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮೊದಲು ನನ್ನನ್ನು ನೋಡಿದರು. ಡಾಕ್ಟರು ಅಮ್ಮನನ್ನು "ಕೂತ್ಕೊಳಿ ತಾಯಿ" ಎಂದು ಕೂರಿಸಿ, ವಂಶದಲ್ಲಿ ಯಾರಿಗಾದರೂ ಇತ್ತೇ, ಮೊಸರು ಕೊಡುತ್ತೀರಾ, ತಲೆಗೆ ಸ್ನಾನ ಯಾವಾಗ ಎಂದೆಲ್ಲ ವಿಚಾರಿಸಿದರು. ಹವಾ ಆಗಿಬರುತ್ತಿಲ್ಲ, ದೊಡ್ಡವಳಾದಂತೆ ತಾನೇ ವಾಸಿಯಾಗುತ್ತದೆ ಎಂದರು. ಚೀಟಿ ಬರೆದು ಮುಗಿಸಿ ಅಪ್ಪನಿಗೆ ಸಿಗರೇಟು ಕೊಟ್ಟು ತಾವೂ ಒಂದು ಹಚ್ಚಿದರು. ಇಬ್ಬರೂ ರೈಲಿನ ವಿಷಯ ಮಾತಾಡುತ್ತ ಸೇದಿದರು. ನಾನು ಅವರಿಬ್ಬರ ನಡುವೆ ಸ್ಟೂಲಿನ ಮೇಲೆ ಕೂತು ಕೆಮ್ಮುತ್ತಿದ್ದೆ.

ಆಮೇಲೆ ಗೇಟಮ್ಮನ ಸರದಿ. ಮಗುವಿನ ಎದೆಗೆ ಸ್ಟೆತಸ್ಕೋಪು ಇಡಲು ಬಗ್ಗಿದ ಡಾಕ್ಟರು ತಲೆಯೆತ್ತಿ ಮೂಗು ಮುರಿದರು.

"ಬೀಡಿ ಸೇದ್ತೀಯಾ?"

"ಊ ಸಾಮಿ."

"ಇದು ಹೊಟ್ಟೇಲಿದ್ದಾಗಲೂ ಸೇದ್ತಿದ್ದೆಯಾ?"

"ಊ ಸಾಮಿ. ವಾಂತಿ ಆಯ್ತಿತ್ತು, ಅದ್ಕೆ..."

"ವಾಂತಿಯಂತೆ! ಹುಟ್ಟೋದಕ್ಕೆ ಮುಂಚೇನೇ ಮಗೂಗೆ ಹೊಗೆ ಹಾಕಿದ್ದೀಯಲ್ಲ, ನೀನು ತಾಯಿಯಾ? ಈಗ ಉಸಿರು ಬಿಡೋಕಾಗಲ್ಲ ಅಂತ ಹೊತ್ಕೊಂಡು ಬಂದಿದ್ದೀಯ. ನೀನೇ ಮಾಡಿರೋದು ಇದು."

ಬಾಗಿಲು ತೆರೆದಿತ್ತು. ಹೊರಗಿನ ಬೆಂಚಿನಲ್ಲಿ ಕೂತವರೆಲ್ಲ ಕತ್ತು ಚಾಚಿ ನೋಡಿದರು. ಯಾರ ಮಾತಿಗೂ ಎದುರುತ್ತರ ಕೊಡದೆ ಬಿಡದ ಗೇಟಮ್ಮ ಅವತ್ತು ಮಗುವಿನ ಅಂಗಿಯ ಗುಂಡಿ ಹಾಕುತ್ತ ನಿಂತರು. ಎಷ್ಟು ಹೊತ್ತಾದರೂ ಆ ಗುಂಡಿ ಕಾಜಕ್ಕೆ ಕೂರಲಿಲ್ಲ. ಅಮ್ಮನೇ ಎದ್ದು ಹೋಗಿ ಹಾಕಿದರು. ಅಮ್ಮ ಅವರ ಮಗುವನ್ನು ಮುಟ್ಟಿದ್ದು ಅದೇ ಮೊದಲು.

ವಾಪಸು ಬರುವಾಗ ರೈಲಿನಲ್ಲಿ ಅವರು ಸೊಂಟದ ಎಲೆಯಡಿಕೆ ಚೀಲದಿಂದ ಬೀಡಿ ಕಟ್ಟನ್ನು ತೆಗೆದು ಕಿಟಕಿಯಿಂದ ಹೊರಗೆ ಎಸೆದರು. ಆಮೇಲೆ ಅಮ್ಮನ ಕಡೆ ತಿರುಗಿದರು.

"ಅಮ್ಮಾವ್ರೇ, ನೀವು ಸೇದ್ನಿಲ್ವಲ್ಲ. ನಿಮ್ ಮಗೀಗ್ ಯಾಕ್ ಬಂತು?"

ವ್ಯಂಗ್ಯಕ್ಕೆ ಕೇಳಿದ ಮಾತಲ್ಲ. ತಿಳಿದುಕೊಳ್ಳಲು ಕೇಳಿದ್ದು. ಅಮ್ಮ ತಡವರಿಸಿ, "ಅದು ಹಣೆಬರಹ ಕಣೇ" ಎಂದರು.

"ಅಂಗಾರೆ ನಿಮ್ ಮಗೀದು ಅಣೆಬರ, ನನ್ ಮಗೀದು ನಾ ಮಾಡಿದ್ದಾ?"

ಎದುರು ಸೀಟಿನಲ್ಲಿ ಕೂತಿದ್ದ ಅಪ್ಪ ಸಿಗರೇಟಿನ ಬೂದಿಯನ್ನು ಕಿಟಕಿಯ ಹೊರಗೆ ಕೊಡವಿದರು.

ಬೀಡಿ ಬಿಟ್ಟದ್ದು ಸುಲಭವಾಗಿರಲಿಲ್ಲ. ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು. ಬಾಯಿಗೆ ಹುರಿದ ಹುಣಸೆಬೀಜ ಹಾಕಿಕೊಂಡು ಕಟಕಟ ಎನ್ನಿಸುತ್ತ ಗೇಟಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದರು. ಗಂಡ ಲ್ಯಾಂಪಿನ ಕೋಣೆಯ ಹಿಂದೆ ಬಚ್ಚಿಟ್ಟುಕೊಂಡು ಸೇದಿ ಬಂದರೆ ಬಾಯಿ ಮೂಸಿ ನೋಡಿ ಹೊರಗೆ ನಿಲ್ಲಿಸುತ್ತಿದ್ದರು. "ಮಳೇಲ್ ನೆನುದ್ರೂ ನೆನೀ, ಒಗೆ ಓದ್ಮ್ಯಾಕೆ ಒಳಿಕ್ ಬಾ."

ತಾವು ಬಿಟ್ಟ ಮೇಲೆ ಬೇರೆಯವರ ಹಿಂದೆ ಬಿದ್ದರು. ರೈಲು ಬರುವಾಗ ಗೇಟು ಹಾಕಿದರೆ ಆ ಕಡೆ ಈ ಕಡೆ ಜನ ನಿಲ್ಲಲೇಬೇಕಲ್ಲ, ಅದೇ ಅವರಿಗೆ ಸಿಕ್ಕ ಸಮಯ. ಗಾಡಿಯ ಮೇಲೆ ಹೊಟ್ಟೆ ಹೊತ್ತ ಹೆಣ್ಣು ಬೀಡಿ ಹಿಡಿದು ಕೂತಿದ್ದರೆ ಗಂಡನಿಗೆ ಕೂಗಿ ಹೇಳುತ್ತಿದ್ದರು, "ಗೇಟ್ ತಗೀಬ್ಯಾಡ ಇರು. ಇವ್ಳು ಬೀಡಿ ಎಸೀಲಿ." ಹೊಳಲಿನ ಒಬ್ಬಾಕೆ ತಿರುಗಿ ಬಿದ್ದಿದ್ದಳು: "ನೀ ಸೇದ್ನಿಲ್ವಾ ಲೇ? ದೊಡ್ಡ್ ಡಾಕುಟ್ರಮ್ಮ!" ಅದಕ್ಕೆ ಇವರು ಕೋಪಿಸಿಕೊಳ್ಳದೆ ಪುಟ್ತಾಯಿಯನ್ನು ಎತ್ತಿಕೊಂಡು ಬಂದು ಅವಳ ಕೈಯನ್ನು ಮಗುವಿನ ಎದೆಯ ಮೇಲೆ ಇರಿಸಿದರು. "ನಾನು ಸೇದ್ದೆ. ನೋಡು." ಅವಳು ಬೀಡಿ ಕೆಳಗೆ ಹಾಕಿದಳು.

ಹಳಿಯ ಮೇಲೆ ಜಲ್ಲಿ ಹಾಕುವ ಗ್ಯಾಂಗಿನಲ್ಲಿ ತಮಿಳು ಹೆಂಗಸರಿದ್ದರು. ಅವರಲ್ಲಿ ಕೆಲವರು ಚುಟ್ಟ ಸೇದುತ್ತಿದ್ದರು. ಭಾಷೆ ಬಾರದಿದ್ದರೂ ಗೇಟಮ್ಮ ಅವರ ನಡುವೆ ಕುಕ್ಕರಗಾಲಲ್ಲಿ ಕೂತು, ಹೊಟ್ಟೆ ಮುಟ್ಟಿ, ಎದೆ ಮುಟ್ಟಿ, ಗೊರಗೊರ ಸದ್ದು ಮಾಡಿ ತೋರಿಸುತ್ತಿದ್ದರು. ಅಲ್ಲೂ ಒಬ್ಬಳ ಮಗುವಿಗೆ ಉಬ್ಬಸವಿತ್ತು. ಚನ್ನಪಟ್ಟಣದ ಕಡೆಯಿಂದ ರೈಲಿನಲ್ಲಿ ಬಂದು ಹಳ್ಳಿಗಳಲ್ಲಿ ಬಳೆ ಮಾರುವ ಸಾಬರ ಹೆಂಗಸೊಬ್ಬಳಿದ್ದಳು. ಅವಳ ಮಗಳಿಗೂ ಇತ್ತು. "ನೀನೂ ಸೇದ್ತಿದ್ದಾ ತಾಯಿ?" ಎಂದು ಇವರು ಕೇಳಿದಾಗ ಅವಳು ಕಿವಿ ಮುಟ್ಟಿಕೊಂಡು, "ಅಯ್ಯೋ ಅಲ್ಲಾ, ನಾನು ಮುಟ್ಟೇ ಇಲ್ಲಕ್ಕಾ. ನಮ್ಮ ಯಜಮಾನ್ರು ಸೇದ್ತಾರೆ. ಇರೋದೊಂದೇ ಕೋಣೆ, ಬಾಣಂತಿಯಾಗಿದ್ದಾಗಲೂ ಅದೇ ಕೋಣೇಲಿದ್ದೆ" ಎಂದಳು.

ಆ ಮಾತು ಅವರ ತಲೆಯೊಳಗೆ ಕೂತಿತು. ಅದೇ ಸಂಜೆ ನಮ್ಮ ಮನೆಯ ಅಂಗಳಕ್ಕೆ ಬಂದು ನಿಂತರು. ಅಪ್ಪ ಈಸಿ ಚೇರಿನಲ್ಲಿದ್ದರು, ನಾನು ಪಕ್ಕದಲ್ಲಿ ಪಾಠ ಓದುತ್ತಿದ್ದೆ.

"ಅಯ್ನೋರೇ, ಒಂದ್ ಮಾತು. ನೀವ್ ತಪ್ಪು ತಿಳೀಬಾರ್ದು. ಆ ಸಿಗರೇಟ ಮಗೀನ್ ತಾವ ಸೇದ್ಬ್ಯಾಡಿ. ಆಚಿಕ್ ಓಗಿ ಸೇದಿ."

ಅಪ್ಪ ಮೊದಲು ಅರ್ಥವಾಗದವರಂತೆ ನೋಡಿದರು. ಆಮೇಲೆ ನಕ್ಕರು. "ಡಾಕ್ಟರೇ ಸೇದ್ತಾರೆ, ನೀನು ನನಗೆ ಬುದ್ಧಿ ಹೇಳೋಕೆ ಬಂದ್ಯಾ? ಹೋಗು, ನಿನ್ನ ಮಗು ನೋಡ್ಕೋ ಹೋಗು."

ಅವರು ಹೋದರು. ಅಪ್ಪ ಅಮ್ಮನಿಗೆ, ಪಾಪ ಅವಳ ತಲೆಗೆ ಹಚ್ಚಿಕೊಂಡಿದೆ ಎಂದರು. ಆದರೆ ಅವತ್ತಿನಿಂದ ಸಂಜೆ ಅಮ್ಮ ಏನಾದರೊಂದು ನೆಪ ಹೇಳಿ ನನ್ನನ್ನು ಅಡುಗೆಮನೆಗೆ ಕರೆಯುವುದು ಶುರುವಾಯಿತು. ಅಲ್ಲಿ ಸೌದೆ ಒಲೆಯ ಹೊಗೆ. ಪಾಪ, ಅಮ್ಮನಿಗೆ ಅದು ಹೊಳೆಯಲಿಲ್ಲ.

ಪುಟ್ತಾಯಿಗೆ ಮೂರು ತುಂಬಿ ನಾಲ್ಕರಲ್ಲಿ ನಡೆಯುತ್ತಿತ್ತು. ಧನುರ್ಮಾಸದ ಚಳಿ. ಕಬ್ಬು ಕಡಿದ ಗದ್ದೆಗಳಲ್ಲಿ ಒಣಗರಿಗೆ ಬೆಂಕಿ ಹಾಕಿ, ಮಂಜಿನ ಜೊತೆ ಆ ಹೊಗೆಯೂ ಸೇರಿ ಊರ ಮೇಲೆ ಕೂತಿತ್ತು. ಒಂದು ದಿನ ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ ನನಗೆ ಉಸಿರು ಕಟ್ಟಿತು. ತುಟಿ ನೀಲಿಯಾಯಿತಂತೆ. ಅಪ್ಪ ನನ್ನನ್ನು ಎತ್ತಿಕೊಂಡು ಸ್ಟೇಷನ್ನಿಗೆ ಓಡಿದರು. ಅಲ್ಲಿ ನೋಡಿದರೆ ಗೇಟಮ್ಮ ಆಗಲೇ ಪುಟ್ತಾಯಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಪ್ಯಾಸೆಂಜರು ಬರಲು ಇನ್ನೂ ಬಹಳ ಹೊತ್ತಿತ್ತು. ಎದುರು ಬರುವ ರೈಲಿಗೆ ದಾರಿ ಬಿಡಲು ಕ್ರಾಸಿಂಗಿಗೆ ನಿಂತಿದ್ದ ಒಂದು ಗೂಡ್ಸ್ ಗಾಡಿ ಮಂಡ್ಯದ ಕಡೆ ಹೊರಡುವುದರಲ್ಲಿತ್ತು. ಡ್ಯೂಟಿಯಲ್ಲಿದ್ದ ಇನ್ನೊಬ್ಬ ಮಾಸ್ಟರು ಗಾರ್ಡಿಗೆ ಹೇಳಿ ನಮ್ಮನ್ನು ಕೊನೆಯ ಡಬ್ಬಿಗೆ ಹತ್ತಿಸಿದರು. ಗಾರ್ಡು, ಅಪ್ಪ, ನಾನು, ಗೇಟಮ್ಮ, ಮಗು.

ಗೇಟು ದಾಟುವಾಗ ಅವರ ಗಂಡ ಹಸಿರು ಬಾವುಟ ಹಿಡಿದು ನಿಂತಿದ್ದರು. ಗೇಟು ಬಿಟ್ಟು ಬರುವ ಹಾಗಿರಲಿಲ್ಲ. ಗೇಟಮ್ಮ ಮಗುವಿನ ಮುಖವನ್ನು ಆ ಕಡೆ ತಿರುಗಿಸಿ ಹಿಡಿದರು. ಗಾಡಿ ದಾಟಿತು.

ಗೂಡ್ಸು ನಿಧಾನ. ಅಪ್ಪನ ಕೈ ಯೋಚನೆಯೇ ಇಲ್ಲದೆ ಜೇಬಿಗೆ ಹೋಗಿ ಸಿಗರೇಟು ಬಾಯಿಗೆ ಬಂತು, ಕಡ್ಡಿ ಗೀರಿದರು. ಆ ಸಣ್ಣ ಡಬ್ಬಿಯಲ್ಲಿ ಹೊಗೆ ಎದ್ದದ್ದೇ ಗೇಟಮ್ಮ ಒಂದು ಕೈಯಲ್ಲಿ ಮಗು ಹಿಡಿದುಕೊಂಡೇ ಎದ್ದು, ಇನ್ನೊಂದು ಕೈಯಿಂದ ಅಪ್ಪನ ತುಟಿಯಲ್ಲಿದ್ದ ಸಿಗರೇಟನ್ನು ಕಿತ್ತು ಬಾಗಿಲಿಂದ ಆಚೆಗೆ ಎಸೆದರು.

"ಸಾಕು ಬುಡಿ ಅಯ್ನೋರೇ."

ಗಾರ್ಡು ದಂಗಾಗಿ ನೋಡಿದರು. ಅಪ್ಪ ತಲೆ ತಗ್ಗಿಸಿದರು.

ನಾನು ಅಪ್ಪನ ಭುಜಕ್ಕೆ ಒರಗಿ ಒಂದೊಂದೇ ಉಸಿರು ಎಳೆಯುತ್ತಿದ್ದೆ. ಕಿವಿಗೆ ಎರಡು ಸಿಳ್ಳೆ ಕೇಳುತ್ತಿತ್ತು, ನನ್ನದೊಂದು, ಪುಟ್ತಾಯಿಯದೊಂದು. ಮಂಡ್ಯ ಇನ್ನೂ ಬಂದಿರಲಿಲ್ಲ, ಒಂದು ನಿಂತಿತು. ಓ, ಅವಳಿಗೆ ವಾಸಿಯಾಯಿತು ಎಂದುಕೊಂಡೆ. ನನಗೆ ಹೊಟ್ಟೆಕಿಚ್ಚೂ ಆಯಿತು. ಗೇಟಮ್ಮ ಮಗುವಿನ ಬೆನ್ನು ನೀವುವುದನ್ನು ನಿಲ್ಲಿಸಲಿಲ್ಲ. ಸ್ಟೇಷನ್ನಿನಲ್ಲಿ ಇಳಿದು ಜಟಕಾದಲ್ಲಿ ಕೂತು ಡಾಕ್ಟರ ಮನೆ ಮುಟ್ಟುವವರೆಗೂ ನೀವುತ್ತಲೇ ಇದ್ದರು.

ನನಗೆ ಇಂಜಕ್ಷನ್ ಕೊಟ್ಟರು. ನಾನು ಉಳಿದೆ. ಡಾಕ್ಟರು ಪುಟ್ತಾಯಿಯ ರೆಪ್ಪೆ ಬಿಡಿಸಿ ನೋಡಿ ಕೈ ಹಿಂತೆಗೆದರು. ಆ ದಿನ ಅವರು ಬೈಯಲಿಲ್ಲ. ಬೈಯುವುದನ್ನು ಎಲ್ಲರ ಪರವಾಗಿ ಹಿಂದೆಯೇ ಬೈದು ಮುಗಿಸಿದ್ದರು.

ಊರಿನಲ್ಲಿ, ಹೊಳಲಿನಲ್ಲಿ ಆ ಮಾತೇ ನಿಂತಿತು. ಬೀಡಿ ಸೇದಿ ಮಗೀನ ತಿಂದ್ಕಂಡ್ಲು ಎಂದು ನಲ್ಲಿಯ ಹತ್ತಿರ ಹೆಂಗಸರು ಅಂದದ್ದನ್ನು ನಾನೇ ಕೇಳಿದೆ. ಗೇಟಮ್ಮನೂ ಕೇಳಿಸಿಕೊಂಡರು, ಕೊಡ ತುಂಬಿಸಿಕೊಂಡು ಹೋದರು. ನಮ್ಮ ಮನೆಯಲ್ಲಿ ಅಪ್ಪನಿಗೆ ಯಾರೂ ಏನೂ ಅನ್ನಲಿಲ್ಲ. ಅಪ್ಪ ಮಾತ್ರ ಅವತ್ತಿನಿಂದ ಮನೆಯೊಳಗೆ ಸೇದಲಿಲ್ಲ. ಪ್ಲಾಟ್‌ಫಾರಂನ ತೀರ ಕೊನೆಗೆ ಹೋಗಿ ಒಬ್ಬರೇ ನಿಂತು ಸೇದಿ ಬರುತ್ತಿದ್ದರು. ಅಲ್ಲಿಂದ ಗೇಟು ಕಾಣುತ್ತಿತ್ತು. ಗೇಟಮ್ಮನ ಹತ್ತಿರ ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಿದ್ದನ್ನು ನಾನು ಕಾಣೆ. ಮುಂದಿನ ವರ್ಷ ಅಪ್ಪನಿಗೆ ವರ್ಗವಾಯಿತು.

ಮತ್ತೆ ಅವರನ್ನು ನೋಡಿದ್ದು ಒಂದೇ ಸಲ, ಆ ದಶಕದ ಕೊನೆಯಲ್ಲಿ. ನನ್ನನ್ನು ಮಳವಳ್ಳಿಗೆ ಮದುವೆ ಮಾಡಿಕೊಟ್ಟಿದ್ದರು. ಯಜಮಾನರು ಅಲ್ಲಿ ಒಂದು ಕಚೇರಿಯಲ್ಲಿ ಗುಮಾಸ್ತರು. ನಾನು ಐದು ತಿಂಗಳ ಬಸುರಿ. ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಗೇಟಮ್ಮ, ಕೈಯಲ್ಲಿ ಅವರೆಕಾಯಿಯ ಚೀಲ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಮ್ಮಮ್ಮ ಯಾರ ಹತ್ತಿರವೋ ಹೇಳಿದ್ದು ಅವರ ಕಿವಿಗೆ ಬಿದ್ದು, ಮದ್ದೂರಿನಲ್ಲಿ ಬಸ್ಸು ಬದಲಾಯಿಸಿಕೊಂಡು ಬಂದಿದ್ದರು. ನಾನು ಕೈ ಹಿಡಿದು ಒಳಗೆ ಕರೆದುಕೊಂಡೆ. ನೀರು ಕುಡಿದು, ನನ್ನ ಹೊಟ್ಟೆ ನೋಡಿ, ಮೊದಲ ಮಾತಿಗೇ ಕೇಳಿದರು:

"ಯಜಮಾನ್ರು ಸೇದ್ತಾರಾ?"

"ಇಲ್ಲ" ಎಂದೆ. ಸುಳ್ಳು. ಅವರು ಗೋಡೆಯ ಮೊಳೆಗೆ ನೇತುಹಾಕಿದ್ದ ಷರ್ಟಿನ ಹತ್ತಿರ ಹೋಗಿ ಮೂಸಿ ಬಂದು ಕೂತರು. ಯಜಮಾನರು ಬರುವವರೆಗೂ ಎದ್ದೇಳಲಿಲ್ಲ. ಬಂದವರನ್ನು ಕೂರಿಸಿ, ಕೈ ಮುಗಿದು ಹೇಳಿದರು:

"ನಾನ್ ಓದ್ದೋಳಲ್ಲ ಸಾಮಿ. ಒಂದ್ ಮಗು ಉಸುರಿಗ್ ಒದ್ದಾಡಾದ ನನ್ ತೊಡೆ ಮ್ಯಾಲೆ ನೋಡಿವ್ನಿ. ಇದು ಉಟ್ಟೋ ಗಂಟನಾದ್ರೂ ಇವಳ್ ಪಕ್ಕ ಸೇದ್ಬ್ಯಾಡಿ. ಆಮ್ಯಾಕೂ ಬ್ಯಾಡಿ."

ಯಜಮಾನರಿಗೆ ಇವರು ಯಾರು ಎಂದೇ ಗೊತ್ತಿರಲಿಲ್ಲ. ಆದರೂ ಏನನ್ನಿಸಿತೋ, ಜೇಬಿನ ಪ್ಯಾಕನ್ನು ತೆಗೆದು ಅವರ ಕೈಗೆ ಕೊಟ್ಟರು. ಅವರು ಅದನ್ನು ಬಚ್ಚಲ ಒಲೆಗೆ ಹಾಕಿ ಬಂದರು.

ಬಸ್ ಸ್ಟ್ಯಾಂಡಿನವರೆಗೆ ನಾನು ಜೊತೆಯಲ್ಲಿ ನಡೆದೆ. ವರ್ಷಗಟ್ಟಲೆ ಹೇಳಬೇಕೆಂದುಕೊಂಡದ್ದನ್ನು ಅವತ್ತು ಹೇಳಿದೆ. ನಮ್ಮಪ್ಪನ ಸಿಗರೇಟು, ಇಂಜಿನ್ನಿನ ಹೊಗೆ, ಗದ್ದೆಯ ಹೊಗೆ, ನಿಮ್ಮ ಒಂದೇ ಕೋಣೆಯ ಒಲೆ, ಎಲ್ಲ ಸೇರಿ ಆದದ್ದು ಅದು. ನಿಮ್ಮೊಬ್ಬರ ತಪ್ಪಲ್ಲ. ಊರವರು ಅಂದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬಹುವಚನದಲ್ಲಿ ಅವರನ್ನು ಮಾತಾಡಿಸಿದ್ದು ಅದೇ ಮೊದಲು.

ಅವರು ಪೂರ್ತಿ ಕೇಳಿಸಿಕೊಂಡರು.

"ಇರ್ಬೋದು ಕಣವ್ವ" ಎಂದರು. "ನೀ ಓದ್ದೋಳು, ನಿಂಗ್ ಗೊತ್ತಿರ್ತದೆ. ಆದ್ರೆ ಒಟ್ಟೇಲ್ ಇದ್ದಾಗ ಅದುಕ್ಕೆ ನನ್ ಬುಟ್ರೆ ಇನ್ಯಾರಿದ್ರವ್ವ?"

ಬಸ್ಸು ಬಂತು. ಹುಷಾರು, ಹತ್ತುವಾಗ ಇಳಿಯುವಾಗ ನೋಡಿಕೊಂಡು ಓಡಾಡು ಎಂದು ನನಗೇ ಹೇಳಿ, ಕಂಬಿ ಹಿಡಿದು ಹತ್ತಿಕೊಂಡರು.